ಕೊಟೇಶನ್ ಬರೆಯುವ ಮುನ್ನ ಗಂಟೆ ಎಣಿಸಿ

ಸಣ್ಣ ಎಂಜಿನಿಯರಿಂಗ್ ಕನ್ಸಲ್ಟೆನ್ಸಿಗಳಿಗೆ ನಷ್ಟವಾಗುವುದು ಗಂಟೆಯ ದರ ಕಡಿಮೆಯಾದ್ದರಿಂದ ಅಲ್ಲ, ಮಾಡಿದ ಗಂಟೆಗಳು ಲೆಕ್ಕಕ್ಕೇ ಬಾರದೆ ಹೋಗುವುದರಿಂದ.

ದರವನ್ನೇ ತೆಗೆದುಕೊಳ್ಳಿ. ವಾರಕ್ಕೆ 40 ಗಂಟೆಯಂತೆ ವರ್ಷಕ್ಕೆ 2080. ರಜೆ, ಕಾಯಿಲೆ ಎಂದು ಆರು ವಾರ ಕಳೆದರೆ 1840. ಕೊಟೇಶನ್ ಬರೆಯುವುದು, ಬಾಕಿ ವಸೂಲಿ, ಲೆಕ್ಕಪತ್ರ, ಹೊಸ ಡಿಸೈನ್ ಕೋಡ್ (ವಿನ್ಯಾಸದ ನಿಯಮಾವಳಿ) ಓದುವುದು ಇವಕ್ಕೆ ಮೂರರಲ್ಲೊಂದು ಪಾಲು ಹೋದರೆ ಬಿಲ್ ಮಾಡಲು ಉಳಿಯುವುದು ಸುಮಾರು 1200. ನಿಮ್ಮ ಸಂಬಳ, ಬಾಡಿಗೆ, ಸಾಫ್ಟ್‌ವೇರ್ ಲೈಸೆನ್ಸ್, ವಿಮೆ ಎಲ್ಲ ಕೂಡಿಸಿ ಈ 1200ರಿಂದ ಭಾಗಿಸಬೇಕು. 2080ರಿಂದ ಭಾಗಿಸಿದರೆ ದರ ಶೇ 42ರಷ್ಟು ಕಡಿಮೆ ಬರುತ್ತದೆ. ಕೈತುಂಬ ಕೆಲಸವಿದ್ದರೂ ಖಾತೆ ಬರಿದಾಗುವುದು ಹೀಗೆ. ಇನ್ನು ಲಾಭ: ಬಿಲ್ಲಿನಲ್ಲಿ ಶೇ 20 ಉಳಿಯಬೇಕಾದರೆ ವೆಚ್ಚವನ್ನು 0.8ರಿಂದ ಭಾಗಿಸಿ. ವೆಚ್ಚದ ಮೇಲೆ ಶೇ 20 ಹಾಕಿದರೆ ಉಳಿಯುವುದು ಶೇ 16.7 ಅಷ್ಟೇ.

ಈಗ ಕೆಲಸದ ಗಂಟೆ. ಎರಡಂತಸ್ತಿನ ಕಟ್ಟಡದ ಸ್ಟ್ರಕ್ಚರಲ್ ಡಿಸೈನ್ ಎಂದುಕೊಳ್ಳಿ. ಲೆಕ್ಕಾಚಾರಕ್ಕೆ, ಎಲ್ಲ ಸಲೀಸಾದರೆ 14 ಗಂಟೆ, ಸಾಮಾನ್ಯವಾಗಿ 20, ಮಣ್ಣಿನ ವರದಿ ಕೈಕೊಟ್ಟರೆ 50. ನಡುವಿನದನ್ನು ನಾಲ್ಕು ಪಟ್ಟು ಮಾಡಿ, ಮೂರನ್ನೂ ಕೂಡಿಸಿ ಆರರಿಂದ ಭಾಗಿಸಿದರೆ 24. ಡ್ರಾಯಿಂಗ್ 30. ಹೆಚ್ಚಿನವರು ಇಲ್ಲಿಗೇ ನಿಲ್ಲಿಸಿ 54 ಗಂಟೆಗೆ ಕೊಟೇಶನ್ ಕಳಿಸಿಬಿಡುತ್ತಾರೆ. ಚೆಕಿಂಗ್‌ಗೆ 8, ಮೀಟಿಂಗ್‌ಗಳಿಗೆ 6, ತಿದ್ದುಪಡಿಗೆ 12, ಕಾಮಗಾರಿ ಶುರುವಾದ ಮೇಲೆ ಸೈಟಿನಿಂದ ಬರುವ ಪ್ರಶ್ನೆಗಳಿಗೆ 10 ಸೇರಿದರೆ 90 ಆಗುತ್ತದೆ. ಅಂದರೆ ಶೇ 40ರಷ್ಟು ಕೆಲಸ ಪುಕ್ಕಟೆ! ಪ್ರತಿ ಕೆಲಸ ಮುಗಿದಾಗಲೂ ಅಂದಾಜಿನ ಪಕ್ಕದಲ್ಲೇ ನಿಜವಾಗಿ ಹಿಡಿದ ಗಂಟೆ ಬರೆದಿಡಿ. ಮುಂದಿನ ಬಿಡ್‌ಗೆ ಇದಕ್ಕಿಂತ ನಂಬಿಕಸ್ಥ ಆಧಾರ ಸಿಗುವುದಿಲ್ಲ.

ಕೆಲಸದ ವ್ಯಾಪ್ತಿಯನ್ನು ಎಣಿಸಬಹುದಾದ ಮಾತಿನಲ್ಲೇ ಬರೆಯಿರಿ. ‘ಅಗತ್ಯವಿರುವಷ್ಟು ಸೈಟ್ ಭೇಟಿ’ ಎಂದು ಬರೆದರೆ ಆ ಅಗತ್ಯವನ್ನು ತೀರ್ಮಾನಿಸುವವರು ಕ್ಲೈಂಟ್. ‘3 ಭೇಟಿ, 2 ಸುತ್ತು ತಿದ್ದುಪಡಿ, ಅದರಾಚೆಗೆ ಗಂಟೆ ದರ’ ಎಂದಿರಲಿ. ಯಾವುದು ಸೇರಿಲ್ಲ ಎಂಬುದನ್ನೂ ಬರೆಯಬೇಕು: ಮಣ್ಣಿನ ಪರೀಕ್ಷೆ, ಸರ್ವೆ, ಅನುಮತಿ ಶುಲ್ಕ, ಪ್ಲಾನ್ ಬದಲಾದರೆ ಮರು ಡಿಸೈನ್. ವ್ಯಾಪ್ತಿ ಖಚಿತವಾಗಿದ್ದರೆ ಒಟ್ಟು ಫೀಸು, ಇಲ್ಲದಿದ್ದರೆ ಗಂಟೆ ಲೆಕ್ಕ. ಗಂಟೆ ಲೆಕ್ಕವೂ ಬೇಕು, ಮೇಲ್ಮಿತಿಯೂ ಬೇಕು ಎಂದು ಕೇಳುವವರ ವಿಷಯದಲ್ಲಿ ಎಚ್ಚರ. ಬೇಗ ಮುಗಿದರೆ ಉಳಿತಾಯ ಅವರದ್ದು, ತಡವಾದರೆ ಹೊರೆ ನಿಮ್ಮದು.

ಚೌಕಾಸಿ ಬಂದೇ ಬರುತ್ತದೆ. ಶೇ 20 ಲಾಭವಿರುವ ಬಿಲ್ಲಿನಲ್ಲಿ ಶೇ 10 ಬಿಟ್ಟುಕೊಟ್ಟರೆ ಹೋಗುವುದು ಅರ್ಧ ಲಾಭ. ಹಾಗಾಗಿ ದರ ಇಳಿಸಬೇಡಿ, ಒಂದು ಭೇಟಿಯನ್ನೋ ಒಂದು ಸುತ್ತು ತಿದ್ದುಪಡಿಯನ್ನೋ ಕಡಿಮೆ ಮಾಡಿ ಫೀಸು ಇಳಿಸಿ.

ಹಣದ ಕಂತುಗಳನ್ನು ನಿಮ್ಮ ಕೈಯಲ್ಲಿರುವ ಘಟ್ಟಗಳಿಗೆ ಕಟ್ಟಿ: ಮುಂಗಡ, ಪ್ರಾಥಮಿಕ ಡ್ರಾಯಿಂಗ್ ಕೊಟ್ಟಾಗ, ಅಂತಿಮ ಡ್ರಾಯಿಂಗ್ ಕೊಡುವಾಗ. ‘ಅನುಮೋದನೆ ಸಿಕ್ಕ ನಂತರ’ ಎಂಬ ಕಂತಿಗೆ ಒಪ್ಪಬೇಡಿ, ಯೋಜನೆ ನಿಂತುಹೋದರೆ ಆ ಹಣ ಬರುವುದೇ ಇಲ್ಲ.