ಹೊಳೆಯದ ಕೇದಗೆ ಮುಂದಲೆ

ಮೊನ್ನೆ ಬೀರು ಖಾಲಿ ಮಾಡುವಾಗ ಒಂದು ಕರಿ ಟೀ ಶರ್ಟು ಸಿಕ್ಕಿತು. ಎದೆ ಮೇಲೆ ಯಕ್ಷಗಾನದ ತಲೆಯುಡುಗೆ ಕೇದಗೆ ಮುಂದಲೆಯ ಚಿತ್ರ, ಬೆನ್ನ ಮೇಲೆ 'ಸ್ವಯಂಸೇವಕ'. ಹೆಂಡತಿ ಲೈಟ್ ಆರಿಸಿ ನೋಡಿದಳು. "ಚೆನ್ನಾಗಿ ಹೊಳೆಯುತ್ತದಲ್ಲ, ಯಾಕೆ ಒಳಗಿಟ್ಟಿದ್ದೀರಿ?" ಎಂದಳು. ಸಮಸ್ಯೆ ಅದೇ. ನೆಟ್ಟಗೆ ಹೊಳೆದದ್ದು ಅದೊಂದೇ. ಅದು ಸ್ಯಾಂಪಲ್ಲು.

ಶಿವಮೊಗ್ಗದ ಗಾಂಧಿಬಜಾರ್ ಹತ್ತಿರದ ಒಂದು ಗಲ್ಲಿಯಲ್ಲಿ ನಾನು ಸ್ಕ್ರೀನ್ ಪ್ರಿಂಟಿಂಗ್ ಕೆಲಸಕ್ಕಿದ್ದೇನೆ. ಒಮ್ಮೆ ತೀರ್ಥಹಳ್ಳಿ ಕಡೆಯ ಊರಿನವರು ಬಂದರು. ಗದ್ದೆ ಕೊಯ್ಲು ಮುಗಿದ ಮೇಲೆ ಬಯಲಲ್ಲಿ ಯಕ್ಷಗಾನ, ಇಡೀ ರಾತ್ರಿ ಆಟ. ವಾಹನ ನಿಲ್ಲಿಸುವ ಹುಡುಗರು ಕತ್ತಲಲ್ಲಿ ಕಾಣಬೇಕು, 60 ಟೀ ಶರ್ಟು ಬೇಕು ಎಂದರು. ಪಾರ್ಕಿಂಗಿಗೆ ರಿಫ್ಲೆಕ್ಟಿವ್ ಟೇಪೇ ಸರಿ. ಹೆಡ್‌ಲೈಟ್ ಬಿದ್ದರೆ ಸಾಕು, ಚಾರ್ಜಿನ ತಲೆನೋವಿಲ್ಲ. ಅದನ್ನು ಅವತ್ತೇ ಹೇಳಬೇಕಿತ್ತು. ಆದರೆ ಬೆಳಕು ಕುಡಿದು ಚಾರ್ಜ್ ಆಗಿ ಕತ್ತಲಲ್ಲಿ ಹೊಳೆಯುವ ಗ್ಲೋ ಇಂಕಿಗೆ ರೇಟು ಜಾಸ್ತಿ ಹಾಕಬಹುದಲ್ವಾ? ಓನರ್ ಕಣ್ಣಲ್ಲೇ ಸುಮ್ಮನಿರಿಸಿದರು.

ಸ್ಯಾಂಪಲ್ಲನ್ನು ನಾನೇ ಹೊಡೆದೆ. ಗ್ಲಿಟರ್ ಕೆಲಸಕ್ಕಿದ್ದ ಹಳೇ ದಪ್ಪ ಮೆಶ್ (ಇಂಕು ಇಳಿಯುವ ಜರಡಿ ಬಟ್ಟೆ, ದೊಡ್ಡ ಕಣ್ಣಿನದು), ಎರಡು ಕೋಟ್ ವೈಟ್ ಬೇಸ್, ಫ್ಲ್ಯಾಶ್ (ಬಿಸಿಯಲ್ಲಿ ಅರೆ ಒಣಗಿಸುವುದು), ಅದರ ಮೇಲೆ ಎರಡು ಕೋಟ್ ಗ್ಲೋ. ಕರಿ ಬಟ್ಟೆಗೆ ಬೇಸ್ ಇಲ್ಲದೆ ಗ್ಲೋ ಹೊಡೆದರೆ ಬೆಳಕನ್ನೆಲ್ಲ ಬಟ್ಟೆಯೇ ನುಂಗುತ್ತದೆ. ಇದು ನನಗೆ ಗೊತ್ತಿತ್ತು. ಇಷ್ಟು ಗೊತ್ತಿದ್ದುದೇ ಅಹಂಕಾರಕ್ಕೆ ಸಾಕಾಯಿತು.

ಬಯಲಾಟದ ಮುಂಚಿನ ದಿನ ಪ್ರೊಡಕ್ಷನ್ ಶುರು ಮಾಡಬೇಕು, ದಪ್ಪ ಮೆಶ್ ಮೂಲೆಯಲ್ಲಿ ಹರಿದಿತ್ತು. ಹೊಸ 43ಟಿ, ಅಂದರೆ ಸೆಂಟಿಮೀಟರಿಗೆ 43 ಎಳೆಯ ಮೆಶ್, ತರಿಸಿ ಎಂದೆ. "ಒಂದು ಆರ್ಡರಿಗೆ ಹೊಸ ಮೆಶ್ಶಾ? 77ಟಿ ಇದೆಯಲ್ಲ, ಅದರಲ್ಲೇ ಎಳಿ. ಗ್ಲೋ ಒಂದೇ ಕೋಟ್ ಸಾಕು, ಡಬ್ಬಿ ರೇಟು ನೋಡಿದ್ದೀಯಾ?" ಎಂದರು ಓನರ್. ನಾನು ಜಗಳ ಮಾಡಲಿಲ್ಲ. ಇಂಕು ಸಲೀಸಾಗಿ ಇಳಿಯಿತು, ಅಂಚು ಚೂರಿಯಲ್ಲಿ ಕೊಯ್ದ ಹಾಗೆ ಬಂತು. ಗ್ಲೋ ಇಂಕು ಅಷ್ಟು ಸಲೀಸಾಗಿ ಇಳಿದರೆ ಅನುಮಾನ ಪಡಬೇಕು. ನಾನು ಖುಷಿಪಟ್ಟೆ.

ಮೊದಲ ಪೀಸ್ ಟೆಸ್ಟ್ ಮಾಡದೆ ಬಿಟ್ಟೆ ಅಂದುಕೊಳ್ಳಬೇಡಿ, ಮಾಡಿದೆ. ಡಾರ್ಕ್‌ರೂಮಿಗೆ ಒಯ್ದು, ಸ್ಕ್ರೀನಿಗೆ ಚಿತ್ರ ಇಳಿಸುವ ಎಕ್ಸ್‌ಪೋಶರ್ ಟೇಬಲ್ಲಿನ ಗಾಜಿನ ಮೇಲೆ ಬೋರಲು ಹಾಕಿ, ಯುವಿ ಟ್ಯೂಬು ಅರ್ಧ ನಿಮಿಷ ಉರಿಸಿದೆ. ಆರಿಸಿದಾಗ ಹಸಿರಾಗಿ ಝಗ್ಗೆಂದಿತು. ಐದು ಸೆಕೆಂಡು ನೋಡಿ "ಓಕೆ, ಎಳೀರಿ" ಎಂದು ಕೂಗಿದೆ. ಸ್ಕ್ರೀನ್ ಸುಡುವ ಬೆಳಕಿನಲ್ಲಿ ಚಾರ್ಜ್ ಮಾಡಿದರೆ ಎಂಥ ತೆಳು ಕೋಟೂ ಐದು ಸೆಕೆಂಡು ಹೊಳೆಯುತ್ತದೆ. ಗದ್ದೆ ಬಯಲಿಗೆ ಯುವಿ ಟ್ಯೂಬು ಯಾರು ತರುತ್ತಾರೆ?

ಮರುದಿನ ಡೆಲಿವರಿಗೆ ನಾನೇ ಹೋದೆ. ರಾತ್ರಿ ಒಂಬತ್ತರ ಹೊತ್ತು, ಚಳಿ, ಚಂಡೆ ಆಗಲೇ ಶುರುವಾಗಿತ್ತು. ಹುಡುಗರು ಶರ್ಟು ಹಾಕಿಕೊಂಡು ಸಾಲಾಗಿ ನಿಂತರು. ಸಮಿತಿಯ ಹಿರಿಯರೊಬ್ಬರು ಪಾರ್ಕಿಂಗ್ ಕಡೆಯ ಲೈಟು ಆರಿಸಿಸಿದರು.

ಏನೂ ಕಾಣಲಿಲ್ಲ.

ಕರಿ ಶರ್ಟು, ಕರಿ ಕತ್ತಲು. ಉಸಿರಾಟ ಮಾತ್ರ ಕೇಳುತ್ತಿತ್ತು. ಬಾಕ್ಸಿನಿಂದ ಈಗಷ್ಟೇ ತೆಗೆದದ್ದು, ಚಾರ್ಜ್ ಇಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. "ಸ್ವಲ್ಪ ಲೈಟು ಬೇಕು" ಎಂದೆ. ಹಾಕಿದರು. ಹಳದಿ ಬಲ್ಬಿನ ಸರ. ಎರಡು ನಿಮಿಷ ಬಿಟ್ಟು ಆರಿಸಿದರು. ಈಗ ಹಾಳೆ ಹಿಂದೆ ಬೆರಳಿಟ್ಟ ಹಾಗೆ ಏನೋ ಮಸುಕು ಕಂಡಿತು. ಕಂಡಿತೋ, ಕಾಣಬೇಕೆಂಬ ನನ್ನ ಆಸೆಯೋ ಗೊತ್ತಿಲ್ಲ. ಹಿಂದಿನಿಂದ ಯಾರೋ "ಒಂದೊಂದು ಮಿಂಚುಹುಳ ಹಿಡಿದು ಕಿಸೆಗೆ ಹಾಕಿಕೊಳ್ಳಿ ಮಾರಾಯ್ರೆ" ಎಂದರು. ಎಲ್ಲರೂ ನಕ್ಕರು. ಹಿರಿಯರು ನಗಲಿಲ್ಲ. ಅಷ್ಟರಲ್ಲಿ ನಾನು ಹಾಕಿಕೊಂಡಿದ್ದ ಸ್ಯಾಂಪಲ್ ಶರ್ಟಿನ ಮುಂದಲೆ ಮಾತ್ರ ಎದೆ ಮೇಲೆ ಎದ್ದು ಕಾಣುತ್ತಿತ್ತು. ಅವರು ಅದನ್ನು ನೋಡಿದರು, ನನ್ನ ಮುಖ ನೋಡಿದರು. ಬೈದಿದ್ದರೆ ಒಳ್ಳೆಯದಿತ್ತು.

ಕೊನೆಗೆ ಹುಡುಗರನ್ನು ಜನರೇಟರ್ ಹತ್ತಿರದ ಬಿಳಿ ಫೋಕಸ್ ಲೈಟಿನ ಮುಂದೆ ಹತ್ತು ಹತ್ತು ಜನರಂತೆ ನಿಲ್ಲಿಸಿ ಕಳಿಸಿದೆವು. ಹತ್ತು ನಿಮಿಷ ಕಾಣುತ್ತಿತ್ತು, ಮತ್ತೆ ಬರಬೇಕು. ಮಧ್ಯರಾತ್ರಿಯ ಮೇಲೆ ಯಾರೂ ಬರಲಿಲ್ಲ. ಟಾರ್ಚ್ ಹಿಡಿದು ಕೆಲಸ ಮುಗಿಸಿದರು. ನಾನು ಆಟ ನೋಡಲಿಲ್ಲ. ಬಾಲಗೋಪಾಲರ ವೇಷ ಹಾಕಿದ್ದ ಮಕ್ಕಳೂ ನನ್ನನ್ನೇ ನೋಡುತ್ತಿದ್ದಾರೆ ಅನ್ನಿಸುತ್ತಿತ್ತು.

ಬೆಳಗಿನ ಜಾವ ವಾಪಸ್ ಬಂದು ಅಂಗಡಿ ಬಾಗಿಲು ತೆಗೆದೆ. ತೊಳೆಯದೆ ಬಿಟ್ಟಿದ್ದ ಸ್ಕ್ರೀನ್ ಸಿಂಕಿಗೆ ಒರಗಿತ್ತು. ಮೊಬೈಲ್ ಟಾರ್ಚ್ ಅದರ ಮೇಲೆ ಬಿಟ್ಟು, ಸುಮ್ನೆ ಆರಿಸಿದೆ. ಸ್ಕ್ರೀನಿನ ಒಳಮೈ ಇಡೀ ಹಸಿರು! ಇಂಕು ಎಳೆಯುವ ಸ್ಕ್ವೀಜಿಯ ಅಂಚೂ ಹಸಿರು. ಪುಡಿಯೆಲ್ಲ ಅಲ್ಲೇ ಕೂತಿತ್ತು. ಗ್ಲೋ ಇಂಕಿನಲ್ಲಿ ಇರುವುದು ಸ್ಟ್ರಾನ್ಷಿಯಂ ಅಲ್ಯುಮಿನೇಟ್ ಪುಡಿ. ಕಾಳು ದಪ್ಪ ಇದ್ದಷ್ಟೂ ಹೆಚ್ಚು ಹೊಳೆಯುತ್ತದೆ. ಅಂಥ ಕಾಳನ್ನು ಸೆಂಟಿಮೀಟರಿಗೆ 77 ಎಳೆಯ ಜರಡಿಯಲ್ಲಿ ಹಾಕಿ ಸೋಸಿದ್ದೆ. ಶರ್ಟಿನ ಮೇಲೆ ಬಿದ್ದದ್ದು ಬರೀ ಪ್ಲಾಸ್ಟಿಸಾಲ್, ಅಂದರೆ ಪುಡಿಯನ್ನು ಹಿಡಿದಿಡುವ ದ್ರವ, ಚಹಾಪುಡಿ ಜರಡಿಯಲ್ಲೇ ಉಳಿದ ಹಾಗೆ. ಡಬ್ಬಿಯ ತಳ ಕೆದಕಿದರೆ ಅಲ್ಲೂ ಗಟ್ಟಿ ಪುಡಿ. ಭಾರದ ಪುಡಿ ತಳಕ್ಕೆ ಇಳಿಯುತ್ತದೆ, ಪ್ರತಿ ಹತ್ತು ಪೀಸಿಗೊಮ್ಮೆ ಕಲಕಬೇಕಿತ್ತು. ಹೆಲ್ಪರಿಗೆ ನಾನು ಹೇಳಿರಲೇ ಇಲ್ಲ.

60 ಶರ್ಟು ಮತ್ತೆ ಹೊಡೆದುಕೊಟ್ಟೆವು, ಕಾಸಿಲ್ಲದೆ. ಅದರಲ್ಲಿ ಅರ್ಧ ನನ್ನ ಬೋನಸ್ಸಿನಲ್ಲಿ ಕಟ್ಟಾಯಿತು. ಓನರ್ ಹೇಳಿದ ಆ 'ಒಂದೇ ಕೋಟ್' ತಪ್ಪಿಗೆ ಓನರ್ ಎಷ್ಟು ಕಟ್ಟಿದರು ಎಂದು ನಾನು ಕೇಳಲಿಲ್ಲ.

ಈಗ ಗ್ಲೋ ಪೀಸ್ ಬಂದರೆ ಡಾರ್ಕ್‌ರೂಮಿಗೆ ಒಯ್ಯುವುದಿಲ್ಲ. ಎದುರಿನ ಟೀ ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಸಂಜೆಯೆಲ್ಲ ತೂಗುಹಾಕುತ್ತೇನೆ. ಅಂಗಡಿ ಮುಚ್ಚುವಾಗ ಶಟರ್ ಅರ್ಧ ಎಳೆದು, ಒಳಗೆ ಕೂತು ಅರ್ಧ ಗಂಟೆ ನೋಡುತ್ತೇನೆ. ಟೀ ಅಂಗಡಿಯವನಿಗೆ ನನಗೇನೋ ಆಗಿದೆ ಎಂಬ ಅನುಮಾನ.

43ಟಿ ಮೆಶ್ ಕೊನೆಗೂ ಬಂತು. ಅದನ್ನು ಎಳೆದು ಬಡಿದದ್ದು ಮಾತ್ರ ಅದೇ ಹಳೇ ಮರದ ಫ್ರೇಮಿಗೆ. ಜೂನ್ ಬಂದರೆ ಅದು ಸೊಟ್ಟಗಾಗುತ್ತದೆ. ಅಲ್ಯುಮಿನಿಯಂ ಫ್ರೇಮ್ ಕೇಳಿದ್ದೇನೆ. ನೋಡೋಣ ಎಂದಿದ್ದಾರೆ.