ಹೂ ಮುಗಿದ ಮೇಲಿನ ಕೆಲಸ

2022ರ ಸೆಪ್ಟೆಂಬರ್ ಹೊತ್ತಿಗೆ ನಮ್ಮ ಚಿಕ್ಕಮಗಳೂರಿನ ಚಂದ್ರದ್ರೋಣ ಬೆಟ್ಟಸಾಲಿನಲ್ಲಿ ನೀಲಕುರಿಂಜಿ ಅರಳಿತ್ತು. ಮುಳ್ಳಯ್ಯನಗಿರಿ ರಸ್ತೆಯಲ್ಲಿ ಗಾಡಿ ತಿರುಗಿಸೋಕೂ ಜಾಗ ಇಲ್ಲದಷ್ಟು ಜನ. ಊರಿನ ನಾವು ಕೆಲವರು ಸೀತಾಳಯ್ಯನಗಿರಿ ಹತ್ತಿರ ನಿಂತು, ಹೂ ಕೀಳಬೇಡಿ, ಗಿಡದ ಮಧ್ಯೆ ಇಳಿಯಬೇಡಿ ಅಂತ ಬಂದವರಿಗೆಲ್ಲ ಹೇಳುತ್ತಿದ್ದೆವು. ಒಬ್ಬರು ಕೈತುಂಬ ಕೊಂಬೆ ಮುರಿದುಕೊಂಡು ಬಂದರು. "ಇಷ್ಟೊಂದಿದೆಯಲ್ಲ ಸರ್, ಒಂದು ಹಿಡಿ ಕಿತ್ರೆ ಏನಾಗುತ್ತೆ? ಮನೇಲಿ ನೆಡ್ತೀವಿ" ಅಂದರು. ನೆಟ್ಟರೆ ಬದುಕಲ್ಲ. 12 ವರ್ಷ ಬೆಳೆದು, ಒಂದೇ ಸಲ ಹೂ ಬಿಟ್ಟು, ಬೀಜ ಕಟ್ಟಿ ಸಾಯುವ ಗಿಡ ಅದು. ಹೂವನ್ನೇ ಕಿತ್ತರೆ ಬೀಜ ಎಲ್ಲಿಂದ ಬರಬೇಕು? ಅವರ ಮಗಳು "ಮತ್ತೆ ಯಾವಾಗ ಅಂಕಲ್?" ಅಂತ ಕೇಳಿದಳು. 2034 ಅಂದೆ.

ಹೂ ಮುಗಿಯಿತು, ಜನವೂ ಹೋದರು. ನನಗೆ ಭಯ ಶುರುವಾಗಿದ್ದು ಆಮೇಲೆ. ಬೀಜ ಬಲಿತು ಉದುರೋಕೆ ತಿಂಗಳುಗಟ್ಟಲೆ ಬೇಕು, ಅಷ್ಟರಲ್ಲಿ ಬೇಸಿಗೆ ಬರುತ್ತದೆ, ಗುಡ್ಡದ ಹುಲ್ಲೆಲ್ಲ ಒಣಗಿರುತ್ತದೆ, ಯಾರೋ ಎಸೆದ ಒಂದು ಬೀಡಿ ತುಂಡು ಸಾಕು.

ಮುಂದಿನ ಮಾರ್ಚ್‌ನಲ್ಲಿ ಅರಣ್ಯ ಇಲಾಖೆಯ ವಾಚರ್‌ಗಳ ಜೊತೆ ಬೆಂಕಿ ರೇಖೆ ಮಾಡೋಕೆ ಹೋಗಿದ್ದೆವು. ಹುಲ್ಲು ಸವರಿ, ಎಳೆದು ಹಾಕಿ, ಬರೀ ಮಣ್ಣು ಕಾಣುವ ಹಾಗೆ ಉದ್ದಕ್ಕೆ ಪಟ್ಟಿ ಬಿಡಿಸುವ ಕೆಲಸ. ನೆರಳೇ ಇಲ್ಲ, ಗಾಳಿ ಬೇರೆ ಜೋರು. ಮಧ್ಯಾಹ್ನ ಊಟಕ್ಕೆ ಕೂರುವಷ್ಟರಲ್ಲಿ ಕೆಳಗಿನ ಇಳಿಜಾರಿನಲ್ಲಿ ಹೊಗೆ ಎದ್ದಿತು. ಹಸಿ ಸೊಪ್ಪಿನ ಕೊಂಬೆ ಹಿಡಿದು ಎಲ್ಲರೂ ಓಡಿದರು. ಗಾಳಿ ಒಂದು ಸಲ ಈ ಕಡೆ, ಒಂದು ಸಲ ಆ ಕಡೆ ತಿರುಗುತ್ತಿತ್ತು, ಬಡಿದ ಕಡೆ ಆರಿ ಪಕ್ಕದಲ್ಲೇ ಮತ್ತೆ ಹೊತ್ತಿಕೊಳ್ಳುತ್ತಿತ್ತು, ಕಣ್ಣು ಬಿಡೋಕಾಗದಷ್ಟು ಹೊಗೆ. ಕೊನೆಗೆ ಬೆಂಕಿ ನಾವು ಬೆಳಿಗ್ಗೆ ಸವರಿದ ಪಟ್ಟಿಯ ತನಕ ಬಂದು ಅಲ್ಲೇ ನಿಂತಿತು. "ಮೇಲಿನ ಗಿಡ ಉಳೀತು ಬಿಡಿ" ಅಂದರು ಹಿರಿಯ ವಾಚರ್. ಕಡ್ಡಿಯಂತೆ ಒಣಗಿದ್ದ ಕುರಿಂಜಿಯ ಒಂದು ಕಾಯಿ ಒಡೆದು, ಒಳಗಿನ ಬೀಜ ನನಗೆ ತೋರಿಸಿ, ಅಲ್ಲೇ ನೆಲಕ್ಕೆ ಹಾಕಿದರು.

ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಂದ ತಿದ್ದುಪಡಿಯಿಂದ ನೀಲಕುರಿಂಜಿಗೆ ಕಾನೂನಿನ ರಕ್ಷಣೆ ಸಿಕ್ಕಿದೆ. ಅದು ಬೇಕೇ ಬೇಕಿತ್ತು. ಆದರೆ ಗುಡ್ಡದ ಮೇಲೆ ಕತ್ತಿ ಹಿಡಿದು ನಿಲ್ಲುವ ಜನವೂ ಬೇಕಲ್ವಾ? ಈಗ ಅಲ್ಲಿರುವುದು ಹೂವಿಲ್ಲದ ಎಳೆ ಗಿಡಗಳು. ಗೊತ್ತಿಲ್ಲದವರು ಸುಮ್ನೆ ಹುಲ್ಲು ಅಂದುಕೊಂಡು ಜೀಪು, ಬೈಕು ಇಳಿಸುತ್ತಾರೆ. ದಯವಿಟ್ಟು ರಸ್ತೆ ಬಿಟ್ಟು ಇಳಿಸಬೇಡಿ. ಚಿಕ್ಕಮಗಳೂರಿನ ಸುತ್ತಮುತ್ತ ಇರುವವರು ಬೇಸಿಗೆಗೆ ಮುಂಚೆ ಅರಣ್ಯ ಇಲಾಖೆಯವರನ್ನು ಕೇಳಿಕೊಂಡು ಬೆಂಕಿ ರೇಖೆ ಕೆಲಸಕ್ಕೆ ಬನ್ನಿ. ಕೈಗಳು ಇನ್ನೂ ಜಾಸ್ತಿ ಬೇಕು.