ಮಾರಿದ್ದು ಮೈಸೂರಿನ ಸೈಟು, ಏರಿದ್ದು ಮೆಡಿಕೇರ್ ಪ್ರೀಮಿಯಂ

2024ರ ಕೊನೆಯಲ್ಲಿ ಅಮೆರಿಕದ ಪಿಂಚಣಿ ಇಲಾಖೆ ಸೋಷಿಯಲ್ ಸೆಕ್ಯುರಿಟಿಯಿಂದ ಗಂಡ ಹೆಂಡತಿ ನಮ್ಮಿಬ್ಬರಿಗೂ ಒಂದೊಂದು ಕಾಗದ ಬಂತು. ಮೆಡಿಕೇರ್ ಅಂದರೆ ಇಲ್ಲಿ ವಯಸ್ಸಾದವರಿಗಿರುವ ಸರ್ಕಾರಿ ಆರೋಗ್ಯ ವಿಮೆ. ಅದರಲ್ಲಿ ಡಾಕ್ಟರ ಖರ್ಚಿಗಿರುವ ಪಾರ್ಟ್ ಬಿಯ ಪ್ರೀಮಿಯಂ 2025ಕ್ಕೆ ಸಾಮಾನ್ಯವಾಗಿ ತಿಂಗಳಿಗೆ 185 ಡಾಲರ್. ನಮಗೆ ತಲೆಗೆ 259. ಔಷಧಿಗಳ ಪಾರ್ಟ್ ಡಿ ಮೇಲೂ 13.70 ಜಾಸ್ತಿ. ಹೀಗೆ ಹೆಚ್ಚಿಗೆ ಕಟ್ಟಬೇಕಾದದ್ದು ಇಬ್ಬರದ್ದೂ ಸೇರಿಸಿದರೆ ವರ್ಷಕ್ಕೆ 2,100 ಡಾಲರಿಗೂ ಮೇಲೆ. ನಮ್ಮನೆಯವರು ಅದೇ ಡಿಸೆಂಬರಿನಲ್ಲಿ ರಿಟೈರ್ ಆಗುವವರಿದ್ದರು. ಸಂಬಳ ನಿಲ್ಲುವ ಹೊತ್ತಿಗೆ ಸರಿಯಾಗಿ ‘ನಿಮ್ಮ ಆದಾಯ ಜಾಸ್ತಿ’ ಅಂದರೆ ಸಿಟ್ಟು ಬರಲ್ವಾ?

ಅವರು ನೋಡಿದ್ದು 2023ರ ಟ್ಯಾಕ್ಸ್ ರಿಟರ್ನ್. ಸಾಮಾನ್ಯವಾಗಿ ನೋಡುವುದು ಎರಡು ವರ್ಷ ಹಿಂದಿನದೇ. ಗಂಡ ಹೆಂಡತಿ ಜಂಟಿಯಾಗಿ ಸಲ್ಲಿಸಿದರೆ 2025ರ ಪ್ರೀಮಿಯಂಗೆ ಆದಾಯದ ಗಡಿ 2,12,000 ಡಾಲರ್ ಇತ್ತು. ಒಂದೇ ಡಾಲರ್ ದಾಟಿದರೂ ಆ ಹಂತದ ಪೂರ್ತಿ ಸರ್ಚಾರ್ಜ್, ಅಂದರೆ ಈ ಹೆಚ್ಚುವರಿ ಪ್ರೀಮಿಯಂ, ಬೀಳುತ್ತದೆ. 2023ರಲ್ಲಿ ನಾವು ಮೈಸೂರಿನ ಸೈಟು ಮಾರಿದ್ದೆವು. ಅದರ ಲಾಭ ಸಂಬಳದ ಜೊತೆ ಸೇರಿ ನಮ್ಮನ್ನು ಗಡಿ ದಾಟಿಸಿತ್ತು.

“ಭಾರತದಲ್ಲೇ ಟ್ಯಾಕ್ಸ್ ಕಟ್ಟಿದ್ದೀವಲ್ಲೇ!” ಅಂದರು ಇವರು.

ಕಟ್ಟಿದ್ದು ನಿಜ. ಅದಕ್ಕೆ ಅಮೆರಿಕದಲ್ಲಿ ಕ್ರೆಡಿಟ್, ಅಂದರೆ ಇಲ್ಲಿನ ತೆರಿಗೆಯಲ್ಲಿ ಕಡಿತ, ಸಿಕ್ಕಿದ್ದೂ ನಿಜ. ಆದರೆ ಕ್ರೆಡಿಟ್‌ನಿಂದ ಕಡಿಮೆಯಾಗುವುದು ತೆರಿಗೆ; ಆದಾಯ ಇದ್ದಲ್ಲೇ ಇರುತ್ತದೆ. ಸರ್ಚಾರ್ಜ್ ನಿಂತಿರುವುದು ಆದಾಯದ ಮೇಲೆ. ಅನಿವಾಸಿ ಭಾರತೀಯರು ಭಾರತದ ಬ್ಯಾಂಕಿನಲ್ಲಿ ಇಡುವ ಎನ್‌ಆರ್‌ಇ ಠೇವಣಿಯ ಬಡ್ಡಿಯ ಕಥೆಯೂ ಇದೇ. ಭಾರತದಲ್ಲಿ ತೆರಿಗೆ ಇಲ್ಲ ಅಂತ ನಾವು ನೆಮ್ಮದಿಯಾಗಿರುತ್ತೇವೆ, ಇಲ್ಲಿ ಅದು ಸುಮ್ನೆ ಲೆಕ್ಕಕ್ಕೆ ಬಂದು ಕೂತಿರುತ್ತದೆ.

ಇದಕ್ಕೊಂದು ಫಾರಂ ಇದೆ, ಎಸ್‌ಎಸ್‌ಎ-44. ಮದುವೆ, ವಿಚ್ಛೇದನ, ಸಂಗಾತಿಯ ಸಾವು, ಕೆಲಸ ನಿಲ್ಲಿಸಿದ್ದು, ಪಿಂಚಣಿ ಕೈತಪ್ಪಿದ್ದು ಇಂಥ ಕಾರಣಕ್ಕೆ ಆದಾಯ ಇಳಿದಿದ್ದರೆ ಹೊಸ ಲೆಕ್ಕ ಹಾಕಿ ಅಂತ ಕೇಳಬಹುದು. ನಾವಾಗಿ ಸೈಟು ಮಾರಿದ್ದು ಆ ಪಟ್ಟಿಯಲ್ಲಿಲ್ಲ. ಹಾಗಾಗಿ ಸೈಟಿನ ಗೋಳು ಹೇಳಿಕೊಳ್ಳದೆ, ‘ಕೆಲಸ ನಿಲ್ಲಿಸಿದ್ದು’ ಅನ್ನುವುದಕ್ಕೆ ಗುರುತು ಹಾಕಿದೆವು. ಕಂಪನಿಯಿಂದ ಒಂದು ಪತ್ರ ಲಗತ್ತಿಸಿ, 2025ರ ಅಂದಾಜು ಆದಾಯ ಬರೆದೆವು. ಒಪ್ಪಿದರು. ಹೆಚ್ಚಿಗೆ ಹಿಡಿದುಕೊಂಡ ಹಣವೂ ವಾಪಸ್ ಬಂತು.

ನನ್ನ ಗೆಳತಿಗೆ ಈ ದಾರಿ ಇರಲಿಲ್ಲ. ಅವಳು ರಿಟೈರ್ ಆಗಿ ಬಹಳ ವರ್ಷವಾಗಿತ್ತು. ಅವಳೂ 2023ರಲ್ಲೇ ಊರಿನ ಮನೆಯ ಪಾಲು ಮಾರಿದ್ದಳು. ಒಂಟಿಯಾಗಿರುವವರಿಗೆ 2025ರಲ್ಲಿ ಗಡಿ 1,06,000 ಡಾಲರ್ ಮಾತ್ರ ಇತ್ತು, ಅವಳೂ ಅದನ್ನು ದಾಟಿದ್ದಳು. 2026ರ ಪ್ರೀಮಿಯಂಗೆ 2024ರ ಆದಾಯ ನೋಡುತ್ತಾರೆ, ಆಗ ತಾನಾಗೇ ಇಳಿಯುತ್ತದೆ ಅಂದೆ.

“ಅಲ್ಲಿವರೆಗೆ ತಮ್ಮನ ಹತ್ರ ಅರ್ಧ ಕೇಳ್ಲಾ? ಮಾರೋಣ ಅಂತ ಕುಣಿದವನು ಅವನೇ” ಅಂದಳು.